ಓದುಗರ ಪ್ರಶ್ನೆ: ಐದು ವಾಟಿನ ಸಂಕೇತವೂ ಅಯಾನುಗೋಳವೂ

ಹವ್ಯಾಸಿ ರೇಡಿಯೊ ಕುರಿತು ಈಚೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಡಿಮೆ ಶಕ್ತಿಯ ಪ್ರೇಷಣಕ್ಕೆ ಸಂಬಂಧಿಸಿದ್ದರಿಂದ ಈ ಬಾರಿ ಅವುಗಳನ್ನೇ ಒಟ್ಟಿಗೆ ಉತ್ತರಿಸಲಾಗಿದೆ. ಹ್ಯಾಮ್‌ಗಳ ರೂಢಿಯಲ್ಲಿ ‘ಕ್ಯೂಆರ್‌ಪಿ’ ಎಂದರೆ ಮೋರ್ಸ್ ಸಂಕೇತಕ್ಕೆ 5 ವಾಟ್, ಧ್ವನಿಗೆ 10 ವಾಟ್ ಮೀರದ ಪ್ರೇಷಣ. ಕೆಳಗಿನ ಉತ್ತರಗಳಲ್ಲಿ ‘ಕಡಿಮೆ ಶಕ್ತಿ’ ಎಂಬುದನ್ನು ಈ ಅರ್ಥದಲ್ಲಿಯೇ ಬಳಸಲಾಗಿದೆ.

ಪ್ರಶ್ನೆ: ನನಗೆ ಈಚೆಗೆ ವಿಯು3 (ಹವ್ಯಾಸಿ ರೇಡಿಯೊದ ಆರಂಭಿಕ ದರ್ಜೆಯ) ಪರವಾನಗಿ ದೊರೆತಿದೆ. 7 ಮೆಗಾಹರ್ಟ್ಸ್‌ನ 5 ವಾಟ್ ಕಿಟ್ ರೇಡಿಯೊ ಜೋಡಿಸಿಕೊಂಡು, ಮನೆಯ ಮಾಡಿಗೂ ತೆಂಗಿನಮರಕ್ಕೂ ನಡುವೆ ತಂತಿ ಕಟ್ಟಿದ್ದೇನೆ. ಬೆಳಿಗ್ಗೆ ಬೆಂಗಳೂರಿನ ಗೆಳೆಯರಿಗೆ ಚೆನ್ನಾಗಿ ಕೇಳಿಸುವ ನನ್ನ ಸಂಕೇತ ಮಧ್ಯಾಹ್ನದ ಹೊತ್ತಿಗೆ ಬಹಳ ಕ್ಷೀಣಿಸುತ್ತದೆ. ನಸುಕಿನಲ್ಲಂತೂ ಬೆಂಗಳೂರು ಕೇಳಿಸುವುದೇ ಇಲ್ಲ, ಆದರೆ ದೆಹಲಿಯ ಕಡೆಯವರು ಸ್ಪಷ್ಟವಾಗಿ ಕೇಳಿಸುತ್ತಾರೆ. ದೋಷ ರೇಡಿಯೊದಲ್ಲಿದೆಯೇ? — ಓದುಗರು, ಸಾಗರ

ಉತ್ತರ: ರೇಡಿಯೊದಲ್ಲಿ ದೋಷವಿರುವಂತೆ ಕಾಣುವುದಿಲ್ಲ. ನೀವು ಬರೆದಿರುವ ಮೂರು ಅನುಭವಗಳೂ ಅಯಾನುಗೋಳದ ದಿನಚರಿಗೆ ಸರಿಯಾಗಿ ಹೊಂದುತ್ತವೆ. ಆದರೆ ಮಧ್ಯಾಹ್ನದ ತೊಂದರೆಗೆ ಕಾರಣವೇ ಬೇರೆ, ನಸುಕಿನ ತೊಂದರೆಗೆ ಕಾರಣವೇ ಬೇರೆ.

ಸೂರ್ಯನ ಅತಿನೇರಳೆ ಕಿರಣಗಳೂ ಕ್ಷ-ಕಿರಣಗಳೂ ವಾತಾವರಣದ ಮೇಲ್ಭಾಗದ ಅಣುಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸುವುದರಿಂದ ಅಯಾನುಗೋಳ ಉಂಟಾಗುತ್ತದೆ. ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ ಡಿ ಪದರ, ಅದರ ಮೇಲೆ 100 ಕಿ.ಮೀ. ಆಸುಪಾಸಿನಲ್ಲಿ ಇ ಪದರ, 150 ಕಿ.ಮೀ.ಗಿಂತ ಮೇಲೆ ಎಫ್ ಪದರ ಇವೆ. ಹಗಲಿನಲ್ಲಿ ಎಫ್ ಪದರ ಎಫ್1, ಎಫ್2 ಎಂದು ಎರಡಾಗುತ್ತದೆ. ದೂರದ ಸಂಪರ್ಕಕ್ಕೆ ನೆರವಾಗುವುದು ಮುಖ್ಯವಾಗಿ ಎಫ್2. ಡಿ ಪದರ ನಮ್ಮ ಅಲೆಯನ್ನು ಹಿಂದಿರುಗಿಸುವುದಿಲ್ಲ, ಹೀರಿಕೊಳ್ಳುತ್ತದೆ. ಅಲ್ಲಿ ಗಾಳಿ ಇನ್ನೂ ಸಾಕಷ್ಟು ದಟ್ಟವಾಗಿರುವ ಕಾರಣ, ರೇಡಿಯೊ ಅಲೆಯಿಂದ ತೂಗಾಡತೊಡಗಿದ ಎಲೆಕ್ಟ್ರಾನು ಆ ಶಕ್ತಿಯನ್ನು ಅಲೆಗೆ ಮರಳಿಸುವ ಮೊದಲೇ ಗಾಳಿಯ ಅಣುವಿಗೆ ಡಿಕ್ಕಿ ಹೊಡೆದು ಅದನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ಕಂಪನಾಂಕ ಕಡಿಮೆಯಾದಷ್ಟೂ ತೂಗಾಟ ದೊಡ್ಡದಾಗುತ್ತದೆ, ನಷ್ಟವೂ ಹೆಚ್ಚುತ್ತದೆ. ಸ್ಥೂಲವಾಗಿ ಹೇಳುವುದಾದರೆ ಡೆಸಿಬೆಲ್ ಲೆಕ್ಕದ (ಪ್ರತಿ 10 ಡೆಸಿಬೆಲ್ ನಷ್ಟಕ್ಕೆ ಶಕ್ತಿ ಹತ್ತನೇ ಒಂದಕ್ಕೆ ಇಳಿಯುತ್ತದೆ) ಈ ಹೀರಿಕೆ ಕಂಪನಾಂಕದ ವರ್ಗಕ್ಕೆ ವಿಲೋಮವಾಗಿರುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಆಗುವ ನಷ್ಟದ ಕಾಲು ಭಾಗ ಮಾತ್ರ 14ರಲ್ಲಿ ಆಗುತ್ತದೆ, 3.5ರಲ್ಲಿ ಅದರ ನಾಲ್ಕು ಪಟ್ಟು ಆಗುತ್ತದೆ. ಸೂರ್ಯ ನೆತ್ತಿಯ ಮೇಲಿರುವಾಗ ಡಿ ಪದರ ಅತ್ಯಂತ ಬಲವಾಗಿರುವುದರಿಂದ ನಿಮ್ಮ 5 ವಾಟ್ ಮೇಲೇರುವಾಗಲೊಮ್ಮೆ, ಇಳಿಯುವಾಗಲೊಮ್ಮೆ ಅದಕ್ಕೆ ಸುಂಕ ತೆರಬೇಕಾಗುತ್ತದೆ. ಮಧ್ಯಾಹ್ನದ ಕ್ಷೀಣತೆಗೆ ಇದೇ ಕಾರಣ.

ನಸುಕಿನ ವಿಷಯಕ್ಕೆ ಬರೋಣ. ಸೂರ್ಯಾಸ್ತವಾದ ಸ್ವಲ್ಪ ಹೊತ್ತಿನಲ್ಲೇ ಡಿ ಪದರ ಕರಗಿಹೋಗುತ್ತದೆ. ಎಫ್ ಪದರದಲ್ಲಿ ಗಾಳಿ ತೀರ ವಿರಳವಾದ್ದರಿಂದ ಎಲೆಕ್ಟ್ರಾನುಗಳು ಅಯಾನುಗಳೊಡನೆ ಮತ್ತೆ ಸೇರಲು ಬಹಳ ಸಮಯ ಬೇಕಾಗುತ್ತದೆ. ಹಾಗಾಗಿ ಅದು ರಾತ್ರಿಯಿಡೀ ಉಳಿದರೂ ನಿಧಾನವಾಗಿ ಸೊರಗುತ್ತಾ ಬಂದು ಸೂರ್ಯೋದಯಕ್ಕೆ ತುಸು ಮೊದಲು ಅತ್ಯಂತ ದುರ್ಬಲವಾಗಿರುತ್ತದೆ. ನೇರವಾಗಿ ಮೇಲಕ್ಕೆ ಕಳುಹಿಸಿದ ಅಲೆಯನ್ನು ಈ ಪದರ ಹಿಂದಿರುಗಿಸಬಲ್ಲ ಗರಿಷ್ಠ ಕಂಪನಾಂಕವನ್ನು ನಿರ್ಣಾಯಕ ಕಂಪನಾಂಕ ಎನ್ನುತ್ತಾರೆ. ಓರೆಯಾಗಿ ಹೋದ ಅಲೆಯಾದರೆ ಅದಕ್ಕಿಂತ ಹೆಚ್ಚಿನ ಕಂಪನಾಂಕದ್ದಾದರೂ ಬಾಗಿ ಕೆಳಗಿಳಿಯುತ್ತದೆ.

ಸಾಗರದಿಂದ ಬೆಂಗಳೂರಿಗೆ ನೇರ ಅಂತರ ಸುಮಾರು 300 ಕಿ.ಮೀ. ಪ್ರತಿಫಲನದ ಎತ್ತರವೂ 300 ಕಿ.ಮೀ. ಎಂದಿಟ್ಟುಕೊಂಡರೆ ಅಲೆ ನೆಲದಿಂದ ಸುಮಾರು 63 ಡಿಗ್ರಿ ಕೋನದಲ್ಲಿ, ಅಂದರೆ ಬಹುಮಟ್ಟಿಗೆ ಕಡಿದಾಗಿಯೇ ಏರಬೇಕು. ಅಷ್ಟು ಕಡಿದಾದ ಹಾದಿಯಲ್ಲಿ ಓರೆಯ ಲಾಭ ನಿರ್ಣಾಯಕ ಕಂಪನಾಂಕದ 1.1 ಪಟ್ಟು ಮಾತ್ರ. ಆದ್ದರಿಂದ 7 ಮೆಗಾಹರ್ಟ್ಸ್ ಬೆಂಗಳೂರಿಗೆ ಇಳಿಯಬೇಕಾದರೆ ನಿರ್ಣಾಯಕ ಕಂಪನಾಂಕ 6.3ರಷ್ಟಾದರೂ ಇರಬೇಕು. ಹಗಲಿನಲ್ಲಿ ನಮ್ಮ ಪ್ರದೇಶದಲ್ಲಿ ಇದು ಕಷ್ಟವೇ ಅಲ್ಲ. ನಸುಕಿನಲ್ಲಿ ಆ ಬೆಲೆ 4 ಮೆಗಾಹರ್ಟ್ಸ್ ಆಸುಪಾಸಿಗೆ ಕುಸಿದಾಗ ನಿಮ್ಮ ಅಲೆ ಪದರವನ್ನು ತೂರಿಕೊಂಡು ಬಾಹ್ಯಾಕಾಶಕ್ಕೆ ಹೊರಟುಹೋಗುತ್ತದೆ. ದೆಹಲಿ ಸುಮಾರು 1600 ಕಿ.ಮೀ. ದೂರದಲ್ಲಿರುವುದರಿಂದ ಅತ್ತ ಹೋಗುವ ಅಲೆ ಪದರವನ್ನು ಬಹಳ ಓರೆಯಾಗಿ ತಾಕುತ್ತದೆ, ಲಾಭ ಎರಡೂವರೆ ಪಟ್ಟಾಗುತ್ತದೆ, ಅಲ್ಲಿಗೆ 2.8 ಮೆಗಾಹರ್ಟ್ಸ್‌ನ ನಿರ್ಣಾಯಕ ಕಂಪನಾಂಕವೇ ಸಾಕು. ಹತ್ತಿರದ ಬೆಂಗಳೂರು ಅಲೆ ಇಳಿಯದ ಮೌನ ವಲಯದೊಳಗೆ ಬಿದ್ದಿರುವಾಗ ದೂರದ ದೆಹಲಿ ಕೇಳಿಸುವುದು ಹೀಗೆ. ನಸುಕಿನ ಈ ತೊಂದರೆಯನ್ನು ಶಕ್ತಿ ಹೆಚ್ಚಿಸಿ ನಿವಾರಿಸಲು ಬರುವುದಿಲ್ಲ ಎಂಬುದನ್ನು ಗಮನಿಸಬೇಕು. 400 ವಾಟ್ ಹಾಕಿದರೂ ತೂರಿಹೋಗುವ ಅಲೆ ತೂರಿಯೇ ಹೋಗುತ್ತದೆ. ಮಧ್ಯಾಹ್ನದ ಹೀರಿಕೆಯನ್ನಾದರೆ ಶಕ್ತಿಯಿಂದ ಒಂದಿಷ್ಟು ಮೆಟ್ಟಿ ನಿಲ್ಲಬಹುದು.

ಬೆಂಗಳೂರಿನೊಡನೆ ಮಾತನಾಡಲು ನಿಮಗೆ ಬೆಳಿಗ್ಗೆ ಏಳರಿಂದ ಒಂಬತ್ತೂವರೆಯವರೆಗಿನ ಹೊತ್ತು, ಮತ್ತೆ ಸಂಜೆ ನಾಲ್ಕರ ನಂತರದ ಹೊತ್ತು ಅನುಕೂಲ. ಆಗ ಎಫ್ ಪದರ ಸಾಕಷ್ಟು ಬಲವಾಗಿದ್ದು ಡಿ ಪದರ ಇನ್ನೂ ಏರಿರುವುದಿಲ್ಲ, ಇಲ್ಲವೇ ಆಗಲೇ ಇಳಿಯತೊಡಗಿರುತ್ತದೆ. ನಿಮ್ಮ ತಂತಿ ನೆಲದಿಂದ ಏಳೆಂಟು ಮೀಟರ್ ಎತ್ತರದಲ್ಲಿದ್ದರೆ ಅದನ್ನು ಏರಿಸಲು ಹೆಣಗಬೇಡಿ. 7 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗದೂರ, ಅಂದರೆ 10 ಮೀಟರಿಗಿಂತ ಕೆಳಗಿರುವ ಅಡ್ಡ ತಂತಿ ಶಕ್ತಿಯ ಹೆಚ್ಚಿನ ಪಾಲನ್ನು ಮೇಲಕ್ಕೇ ಕಳುಹಿಸುತ್ತದೆ. ರಾಜ್ಯದೊಳಗಿನ ಸಂಪರ್ಕಕ್ಕೆ ಬೇಕಾದ್ದೂ ಅದೇ.

ಪ್ರಶ್ನೆ: 100 ವಾಟ್ ಬದಲು 5 ವಾಟ್ ಬಳಸಿದರೆ ಶಕ್ತಿ ಇಪ್ಪತ್ತನೇ ಒಂದು ಪಾಲಾಗುತ್ತದೆ. ಹಾಗಾದರೆ ಸಂಕೇತ ತಲುಪುವ ದೂರವೂ ಅದೇ ಪ್ರಮಾಣದಲ್ಲಿ ಕುಗ್ಗಬೇಕಲ್ಲವೇ? ದುರ್ಬಲ ಅಲೆಯನ್ನು ಅಯಾನುಗೋಳ ಹೆಚ್ಚು ಹೀರಿಕೊಳ್ಳುತ್ತದೆಯೇ? — ಓದುಗರು, ಮೈಸೂರು

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದು ಒಳ್ಳೆಯದು, ಏಕೆಂದರೆ ಅನೇಕರಲ್ಲಿ ಈ ಕಲ್ಪನೆ ಬೇರೂರಿದೆ. ಅಯಾನುಗೋಳಕ್ಕೆ ದುರ್ಬಲ, ಪ್ರಬಲ ಎಂಬ ಭೇದವಿಲ್ಲ. ಒಂದು ಹಾದಿಯಲ್ಲಿ ಒಂದು ಹೊತ್ತಿನಲ್ಲಿ ಆಗುವ ನಷ್ಟ 20 ಡೆಸಿಬೆಲ್ ಎಂದಾದರೆ ಅದು 5 ವಾಟಿಗೂ 20, 100 ವಾಟಿಗೂ 20. ಇಬ್ಬರ ಶಕ್ತಿಯಲ್ಲೂ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಈ ನಿಯಮ ಮುರಿಯುವುದು ಶಕ್ತಿ ವಿಪರೀತವಾದಾಗ. 1933ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಎಂಜಿನಿಯರ್ ಟೆಲ್ಲೆಗೆನ್ ಅವರು ಸ್ವಿಟ್ಜರ್ಲೆಂಡಿನ ಬೆರೋಮ್ಯೂನ್‌ಸ್ಟರ್ ಕೇಂದ್ರವನ್ನು ಆಲಿಸುತ್ತಿದ್ದಾಗ, ಬೇರೊಂದು ಕಂಪನಾಂಕದಲ್ಲಿದ್ದ ರೇಡಿಯೊ ಲಕ್ಸೆಂಬರ್ಗಿನ ಕಾರ್ಯಕ್ರಮ ಅದರ ಹಿನ್ನೆಲೆಯಲ್ಲಿ ಕೇಳಿಸಿತು. ಪ್ರಬಲವಾದ ಲಕ್ಸೆಂಬರ್ಗ್ ಪ್ರಸಾರ ತನ್ನ ಮೇಲಿನ ಅಯಾನುಗೋಳವನ್ನೇ ಬಿಸಿಮಾಡಿ, ಆ ಮೂಲಕ ಹಾದುಹೋಗುತ್ತಿದ್ದ ಇನ್ನೊಂದು ಅಲೆಯ ಮೇಲೆ ತನ್ನ ಗುರುತು ಮೂಡಿಸಿತ್ತು. ಹವ್ಯಾಸಿಗಳ ಶಕ್ತಿಯಲ್ಲಿ ಇಂಥದ್ದು ಸಂಭವಿಸುವುದಿಲ್ಲ.

ಇನ್ನು ದೂರದ ಮಾತು. ಇಪ್ಪತ್ತನೇ ಒಂದು ಪಾಲು ಎಂದರೆ 13 ಡೆಸಿಬೆಲ್ ಇಳಿಕೆ. ಸಂಕೇತದ ಬಲವನ್ನು ತೋರಿಸುವ ರಿಸೀವರಿನ ಎಸ್-ಮೀಟರಿನಲ್ಲಿ ಒಂದು ಅಂಕಕ್ಕೆ 6 ಡೆಸಿಬೆಲ್ ಎಂಬುದು ಒಪ್ಪಿತ ಲೆಕ್ಕವಾದ್ದರಿಂದ, 100 ವಾಟಿಗೆ ಎಸ್9 ತೋರಿಸುತ್ತಿದ್ದ ಮೀಟರು 5 ವಾಟಿಗೆ ಎಸ್7ರ ಸಮೀಪ ನಿಲ್ಲುತ್ತದೆ. ಆ ಊರಿನ ಗದ್ದಲದ ಮಟ್ಟ ಎಸ್4 ಇದ್ದರೆ ಇಬ್ಬರೂ ಕೇಳಿಸುತ್ತಾರೆ. ಎಸ್8 ಇದ್ದರೆ ಒಬ್ಬರೇ. ಆದ್ದರಿಂದ ಕಡಿಮೆ ಶಕ್ತಿಯವರು ಕಳೆದುಕೊಳ್ಳುವುದು ದೂರವನ್ನಲ್ಲ, ಹೊತ್ತನ್ನು. 100 ವಾಟಿನವರಿಗೆ ದಿನದಲ್ಲಿ ಐದಾರು ಗಂಟೆ ದೊರೆಯುವ ಹಾದಿ 5 ವಾಟಿನವರಿಗೆ ಅದು ಉತ್ತಮ ಸ್ಥಿತಿಯಲ್ಲಿರುವ ಒಂದೆರಡು ಗಂಟೆ ಮಾತ್ರ ದೊರೆಯಬಹುದು. ಆ ಒಂದೆರಡು ಗಂಟೆ ಯಾವುದು ಎಂದು ಮುಂಚಿತವಾಗಿ ತಿಳಿದಿರುವುದರಲ್ಲೇ ಕ್ಯೂಆರ್‌ಪಿಯ ಕಸುಬುಗಾರಿಕೆ ಇದೆ ಎಂದು ನನ್ನ ಅಭಿಪ್ರಾಯ.

ಕಂಪನಾಂಕದ ಆಯ್ಕೆಯೂ ಇದರಲ್ಲಿ ಸೇರಿದೆ. ಒಂದು ಹಾದಿಯಲ್ಲಿ ಆ ಹೊತ್ತಿಗೆ ನಡೆಯುವ ಗರಿಷ್ಠ ಕಂಪನಾಂಕಕ್ಕೆ ಹತ್ತಿರವಾದಷ್ಟೂ ಹೀರಿಕೆ ಕಡಿಮೆ. ತೀರ ಅಂಚಿನಲ್ಲಿ ನಿಂತರೆ ಪದರದ ಸಣ್ಣ ಏರಿಳಿತಕ್ಕೂ ಸಂಪರ್ಕ ಕಡಿದುಹೋಗುವುದರಿಂದ ವೃತ್ತಿಪರರು ಅದರ ಶೇ 85ರಷ್ಟನ್ನು ಆರಿಸಿಕೊಳ್ಳುತ್ತಿದ್ದರು. 100 ವಾಟಿನವರು 14ರಲ್ಲಿ ಆರಾಮವಾಗಿ ಇರುವಾಗ 21 ಮೆಗಾಹರ್ಟ್ಸ್ ತೆರೆದಿದ್ದರೆ ಕಡಿಮೆ ಶಕ್ತಿಯವರು ಅಲ್ಲಿಗೆ ಹೋಗುವುದು ಜಾಣತನ.

ಪ್ರೇಷಣದ ವಿಧಾನದಿಂದಲೂ ಡೆಸಿಬೆಲ್‌ಗಳನ್ನು ಮರಳಿ ಗಳಿಸಬಹುದು. ಧ್ವನಿಗೆ ಬೇಕಾದ 2400 ಹರ್ಟ್ಸ್ ಅಗಲದ ಬದಲು ಮೋರ್ಸ್ ಸಂಕೇತಕ್ಕೆ 240 ಹರ್ಟ್ಸ್‌ನ ಫಿಲ್ಟರ್ ಸಾಕಾಗುವುದರಿಂದ, ರಿಸೀವರಿನೊಳಗೆ ಬರುವ ಗದ್ದಲ ಹತ್ತನೇ ಒಂದಕ್ಕೆ ಇಳಿದು 10 ಡೆಸಿಬೆಲ್ ಉಳಿತಾಯವಾಗುತ್ತದೆ. ಜೋಡಿ ಪಲ್ಸಾರಿನ ಶೋಧಕ್ಕಾಗಿ 1993ರ ನೊಬೆಲ್ ಪಡೆದ ಜೋಸೆಫ್ ಟೇಲರ್ ಸ್ವತಃ ಹ್ಯಾಮ್. ಅವರು 2008ರಲ್ಲಿ ಹೊರತಂದ ಡಬ್ಲ್ಯುಎಸ್‌ಪಿಆರ್, 2017ರಲ್ಲಿ ಸ್ಟೀವ್ ಫ್ರಾಂಕೆ ಜೊತೆಗೂಡಿ ರೂಪಿಸಿದ ಎಫ್‌ಟಿ8 ಎಂಬ ಕಂಪ್ಯೂಟರ್ ಆಧಾರಿತ ಪ್ರೇಷಣ ವಿಧಾನಗಳು ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಗದ್ದಲದೊಳಗಿನಿಂದ ಹೆಕ್ಕುತ್ತವೆ. ಡಬ್ಲ್ಯುಎಸ್‌ಪಿಆರ್‌ನಲ್ಲಿ 200 ಮಿಲಿವಾಟ್ ಸಂಕೇತ ಖಂಡಾಂತರ ದಾಟುವುದು ಸಾಮಾನ್ಯ ಸಂಗತಿ. ಸಂಭಾಷಣೆಯ ಸುಖ ಅದರಲ್ಲಿಲ್ಲ ಎಂಬುದು ಹಳಬರ ಆಕ್ಷೇಪ. ಆದರೆ ಅಯಾನುಗೋಳದ ಹಾದಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂದು ಅಳೆಯಲು ಹವ್ಯಾಸಿಯ ಕೈಗೆ ಅದಕ್ಕಿಂತ ಒಳ್ಳೆಯ ಉಪಕರಣ ಸಿಕ್ಕಿಲ್ಲ.

ಪ್ರಶ್ನೆ: ಯುರೋಪು, ಅಮೆರಿಕದವರು ಬರೆದ ಕೈಪಿಡಿಗಳಲ್ಲಿ ಹೇಳಿದ ಸಮಯ ನಮಗೆ ಹೊಂದುವುದಿಲ್ಲ. ದಕ್ಷಿಣ ಭಾರತದ ಮೇಲಿನ ಅಯಾನುಗೋಳ ಬೇರೆ ಬಗೆಯದೇ? ಸಂಜೆ ಏಳರ ನಂತರ ಬಲವಾದ ಸಂಕೇತಗಳೂ ನಡುಗುವುದೇಕೆ? — ಓದುಗರು, ಧಾರವಾಡ

ಉತ್ತರ: ನಿಜವಾಗಿಯೂ ಬೇರೆ ಬಗೆಯದು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯನ್ನು ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ಭಾರತದ ಮೊದಲ ರಾಕೆಟ್ ಹಾರಿದ್ದು ತಿರುವನಂತಪುರದ ಬಳಿಯ ತುಂಬಾದಿಂದ. ಆ ಮೀನುಗಾರರ ಹಳ್ಳಿಯನ್ನು ಆರಿಸಿಕೊಂಡದ್ದಕ್ಕೆ ಈ ರೇಖೆಯ ಸಾಮೀಪ್ಯವೇ ಕಾರಣ. ಆ ರೇಖೆಯ ಬಳಿ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿ ಉತ್ತರ–ದಕ್ಷಿಣವಾಗಿ ಇರುತ್ತದೆ. ಹಗಲಿನಲ್ಲಿ ಅಲ್ಲಿ ಪೂರ್ವಾಭಿಮುಖವಾದ ವಿದ್ಯುತ್ ಕ್ಷೇತ್ರ ಉಂಟಾಗಿ, ಎರಡೂ ಸೇರಿ ಎಲೆಕ್ಟ್ರಾನು–ಅಯಾನುಗಳನ್ನು ಮೇಲಕ್ಕೆತ್ತುತ್ತವೆ. ಹೀಗೆ ಮೇಲೇರಿದ ರಾಶಿ ಕಾಂತರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಜಾರಿ, ಕಾಂತೀಯ ಸಮಭಾಜಕದಿಂದ ಎರಡೂ ಬದಿಗೆ 15ರಿಂದ 20 ಡಿಗ್ರಿ ದೂರದಲ್ಲಿ ಬಂದು ಶೇಖರವಾಗುತ್ತದೆ. ಇದಕ್ಕೆ ಕಾರಂಜಿ ಪರಿಣಾಮ ಎಂದು ಹೆಸರು. ಸೂರ್ಯ ನೇರವಾಗಿ ಸುಡುವ ಸಮಭಾಜಕದಲ್ಲಿ ಎಲೆಕ್ಟ್ರಾನುಗಳು ಹೆಚ್ಚಿರಬೇಕು ಎಂಬ ನಿರೀಕ್ಷೆಗೆ ವಿರುದ್ಧವಾಗಿ ಅಲ್ಲಿ ತಗ್ಗು, ಆಚೀಚೆ ಏರು ಕಾಣಿಸುತ್ತದೆ. 1946ರಲ್ಲಿ ಇದನ್ನು ವಿವರಿಸಿದವರು ಎಡ್ವರ್ಡ್ ಆಪಲ್ಟನ್. ಅಯಾನುಗೋಳದ ಇರವನ್ನು 1924ರಲ್ಲಿ ಪ್ರಯೋಗದಿಂದ ಸ್ಥಾಪಿಸಿದ್ದಕ್ಕಾಗಿ 1947ರ ನೊಬೆಲ್ ಪಡೆದವರೂ ಅವರೇ.

ಭಾರತದಲ್ಲಿ ಉತ್ತರದ ಏರು ಅಹಮದಾಬಾದ್–ಭೋಪಾಲ್ ಆಸುಪಾಸಿನಲ್ಲಿ ಬೀಳುತ್ತದೆ, ತಗ್ಗು ಕೇರಳ–ತಮಿಳುನಾಡಿನ ದಕ್ಷಿಣದಲ್ಲಿದೆ. ಕರ್ನಾಟಕ ಇವೆರಡರ ನಡುವಿನ ಇಳಿಜಾರಿನಲ್ಲಿದೆ. ಬೆಂಗಳೂರಿನಿಂದ ದೆಹಲಿಗೆ ಒಂದೇ ನೆಗೆತದಲ್ಲಿ ಹೋಗುವ ಅಲೆ ವಿದರ್ಭದ ಮೇಲೆ, ಏರಿನ ಅಂಚಿನಲ್ಲಿ ತಿರುಗುತ್ತದೆ. ಹೀಗಾಗಿ ಉತ್ತರದಿಕ್ಕಿನ ನಮ್ಮ ಹಾದಿಗಳು ಮಧ್ಯಾಹ್ನದಿಂದ ಸಂಜೆಯವರೆಗೆ, ಅದೇ ದೂರದ ಯುರೋಪಿನ ಹಾದಿಗಳಿಗಿಂತ ಹೆಚ್ಚಿನ ಕಂಪನಾಂಕವನ್ನು ತಾಳಿಕೊಳ್ಳುತ್ತವೆ. ಕೈಪಿಡಿಯವರು ಚಳಿಗಾಲದ ರಾತ್ರಿ 14 ಮೆಗಾಹರ್ಟ್ಸ್ ಮುಚ್ಚುತ್ತದೆ ಎಂದು ಬರೆದಿದ್ದರೆ ಅದು ಅವರ ಅಕ್ಷಾಂಶದ ಮಾತು.

ಸಂಜೆಯ ನಡುಕವೂ ಈ ನೆಲೆಯ ಕೊಡುಗೆಯೇ. ಸೂರ್ಯಾಸ್ತದ ಹೊತ್ತಿಗೆ ಸಮಭಾಜಕದ ಎಫ್ ಪದರ ಒಮ್ಮೆ ರಭಸದಿಂದ ಮೇಲೇರುತ್ತದೆ, ಅದರ ತಳಭಾಗ ಬೇಗನೆ ಕರಗುತ್ತದೆ. ದಟ್ಟವಾದ ಭಾಗ ಮೇಲೆ, ವಿರಳವಾದ ಭಾಗ ಕೆಳಗೆ ಎಂಬ ಅಸ್ಥಿರ ಸ್ಥಿತಿ ಒದಗಿ, ವಿರಳ ಪ್ಲಾಸ್ಮಾದ (ಎಲೆಕ್ಟ್ರಾನು–ಅಯಾನುಗಳ ಮಿಶ್ರಣದ) ಗುಳ್ಳೆಗಳು ಪದರವನ್ನು ಸೀಳಿಕೊಂಡು ಏರುತ್ತವೆ. ಅಯಾನುಗೋಳವನ್ನು ಅಳೆಯುವ ಯಂತ್ರದ ದಾಖಲೆಯಲ್ಲಿ ಆಗ ಒಂದು ಸ್ಪಷ್ಟ ಗೆರೆಯ ಬದಲು ಹರಡಿದ ಕಲೆ ಮೂಡುವುದರಿಂದ ಇದನ್ನು ‘ಸ್ಪ್ರೆಡ್ ಎಫ್’ ಎನ್ನುತ್ತಾರೆ. ನಮ್ಮ ರೇಖಾಂಶದಲ್ಲಿ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅದರಲ್ಲೂ ಸೂರ್ಯ ಚಟುವಟಿಕೆಯಿಂದಿರುವ ವರ್ಷಗಳಲ್ಲಿ ಇದು ಹೆಚ್ಚು. ಅಲೆ ಒಂದೇ ಹಾದಿಯ ಬದಲು ಸಾವಿರ ಸಣ್ಣ ಹಾದಿಗಳಲ್ಲಿ ಬಂದು ಸೇರುವುದರಿಂದ ಮೋರ್ಸ್‌ನ ಸ್ವರ ಒರಟಾಗುತ್ತದೆ, ಧ್ವನಿ ಗುಡುಗುಡಿಸುತ್ತದೆ. ಎಫ್‌ಟಿ8ರಲ್ಲಿ ಸಂಕೇತ ಬಲವಾಗಿ ಕಂಡರೂ ಅಕ್ಷರಗಳು ಮೂಡದಿರಬಹುದು. ಇಲ್ಲಿಯೂ ಶಕ್ತಿ ಹೆಚ್ಚಿಸಿ ಪ್ರಯೋಜನವಿಲ್ಲ. ನಿಧಾನಗತಿಯ ಮೋರ್ಸ್ ಮಾತ್ರ ಹೇಗೋ ದಾಟುತ್ತದೆ. ಉಳಿದವರು ಒಂಬತ್ತು, ಹತ್ತು ಗಂಟೆಯವರೆಗೆ ಕಾಯುವುದು ಲೇಸು.

ಪ್ರಶ್ನೆ: ಉಡುಪಿಯ ಕಡಲತೀರದಲ್ಲಿ ನಮ್ಮ ಮನೆ. ಒಮಾನ್‌ನ ಹ್ಯಾಮ್‌ಗಳನ್ನು 5 ವಾಟಿನಲ್ಲಿ ತಲುಪಲು ಯಾವ ಬ್ಯಾಂಡ್ ಸೂಕ್ತ? ಸೌರ ಚಕ್ರ ಇಳಿಯುತ್ತಿದೆ ಎನ್ನುತ್ತಾರೆ, ಈಗ ತಡವಾಯಿತೇ? — ಓದುಗರು, ಮಲ್ಪೆ

ಉತ್ತರ: ನಿಮ್ಮ ನೆಲೆ ಅಸೂಯೆ ಹುಟ್ಟಿಸುವಂಥದ್ದು. ಮಸ್ಕತ್ ಸುಮಾರು 2100 ಕಿ.ಮೀ. ದೂರದಲ್ಲಿದ್ದು, ಎಫ್2 ಪದರದ ಒಂದೇ ನೆಗೆತದಲ್ಲಿ ಸಿಗುತ್ತದೆ. ಅಲೆ ದಿಗಂತದಿಂದ 11 ಡಿಗ್ರಿಯಷ್ಟು ಮಾತ್ರ ಮೇಲಕ್ಕೆ ಹೊರಡಬೇಕು. ಉಪ್ಪುನೀರಿನ ಅಂಚಿನಲ್ಲಿ ನೆಟ್ಟ ಲಂಬ ಆಂಟೆನಾ ಇಂಥ ತಗ್ಗು ಕೋನಕ್ಕೆ ಹೇಳಿಮಾಡಿಸಿದಂತಿರುತ್ತದೆ, ಒಣನೆಲದ ಮೇಲೆ ಅದು ಈ ಕೋನದಲ್ಲಿ ಬಹಳಷ್ಟು ಕಳೆದುಕೊಳ್ಳುತ್ತದೆ. ಈ ದೂರಕ್ಕೆ ಗರಿಷ್ಠ ಕಂಪನಾಂಕ ನಿರ್ಣಾಯಕ ಕಂಪನಾಂಕದ ಸುಮಾರು 2.9 ಪಟ್ಟು. ಹಗಲಿನಲ್ಲಿ ನಿರ್ಣಾಯಕ ಕಂಪನಾಂಕ 8 ಮೆಗಾಹರ್ಟ್ಸ್ ಇದ್ದರೂ 23ರವರೆಗೆ ದಾರಿ ತೆರೆದಿರುತ್ತದೆ. ಆದ್ದರಿಂದ ಹಗಲಿಗೆ 21, ಸಂಜೆಗೆ 14, ತಡರಾತ್ರಿಗೆ 7 ಮೆಗಾಹರ್ಟ್ಸ್.

ಸೌರ ಚಕ್ರ, ಅಂದರೆ ಸೂರ್ಯನ ಚಟುವಟಿಕೆಯ ಏರಿಳಿತ, ಸುಮಾರು 11 ವರ್ಷಗಳದ್ದು. ಈಗಿನ 25ನೆಯ ಚಕ್ರ 2019ರ ಡಿಸೆಂಬರ್‌ನಲ್ಲಿ ಆರಂಭವಾಯಿತು, ಅದು ಗರಿಷ್ಠ ಹಂತ ತಲುಪಿದೆ ಎಂದು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಲಾಯಿತು. ಇಳಿಜಾರಿನಲ್ಲಿ ಮೊದಲು ಕೈಬಿಡುವುದು 28 ಮೆಗಾಹರ್ಟ್ಸ್, ಆಮೇಲೆ 21. ಕೆನಡಾದ ಪೆಂಟಿಕ್ಟನ್‌ನಲ್ಲಿ 10.7 ಸೆ.ಮೀ. ತರಂಗದೂರದಲ್ಲಿ ಅಳೆಯುವ ಸೌರ ಅಭಿವಾಹದ ಅಂಕ ಶಾಂತ ಸೂರ್ಯನಿಗೆ 70ರ ಕೆಳಗೂ, ಚಟುವಟಿಕೆಯ ದಿನಗಳಲ್ಲಿ 200ರ ಮೇಲೂ ಇರುತ್ತದೆ. ಅದು 100ರ ಕೆಳಗೆ ನೆಲೆಸಿದ ಮೇಲೆ ನೀವು 14ನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಅರಬ್ಬೀ ಸಮುದ್ರದ ಮೇಲಿನ ನಿಮ್ಮ ಹಾದಿಯಂತೂ ಚಕ್ರದ ತಳದಲ್ಲಿಯೂ ಮುಚ್ಚುವುದಿಲ್ಲ.

ಪ್ರಶ್ನೆ: ಒಂದು ಮಧ್ಯಾಹ್ನ ಆಲಿಸುತ್ತಿದ್ದಾಗ ಒಂದೆರಡು ನಿಮಿಷದಲ್ಲೇ ಎಲ್ಲ ಕೇಂದ್ರಗಳೂ ಮಾಯವಾಗಿ, ಸುಮಾರು ಒಂದು ಗಂಟೆಯ ನಂತರ ಮರಳಿದವು. ಆಂಟೆನಾದ ಸಂಪರ್ಕ ಸರಿಯಾಗಿಯೇ ಇತ್ತು. ಏನಾಗಿರಬಹುದು? — ಓದುಗರು, ಕಲಬುರಗಿ

ಉತ್ತರ: ಬಹುತೇಕ ಸೌರ ಜ್ವಾಲೆ, ಅಂದರೆ ಸೂರ್ಯನ ಮೇಲಿನ ದಿಢೀರ್ ಸ್ಫೋಟ. ಜ್ವಾಲೆಯ ಕ್ಷ-ಕಿರಣಗಳು ಬೆಳಕಿನ ವೇಗದಲ್ಲಿ ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಯನ್ನು ತಲುಪಿ, ಹಗಲಿರುವ ಬದಿಯಲ್ಲಿ ಮಾತ್ರ ಡಿ ಪದರವನ್ನು ದಿಢೀರನೆ ದಟ್ಟಗೊಳಿಸುತ್ತವೆ. ಮೊದಲು ಕೆಳಗಿನ ಕಂಪನಾಂಕಗಳು ಮುಳುಗುತ್ತವೆ, ಬಿಡುಗಡೆಯಾಗುವಾಗ ಮೇಲಿನವು ಮೊದಲು ತೇಲುತ್ತವೆ. ಅಂಥ ಹೊತ್ತಿನಲ್ಲಿ 28 ಮೆಗಾಹರ್ಟ್ಸ್‌ಗೆ ತಿರುಗಿಸಿ ನೋಡಿದರೆ ಕೆಲವೊಮ್ಮೆ ಅಲ್ಲಿ ಮಾತು ನಡೆದೇ ಇರುತ್ತದೆ. ಈ ಕ್ಷ-ಕಿರಣಗಳನ್ನು ಈಗ ನಮ್ಮ ಆದಿತ್ಯ-ಎಲ್1 ನೌಕೆಯೂ ಅಳೆಯುತ್ತಿದೆ. 2023ರ ಸೆಪ್ಟೆಂಬರ್ 2ರಂದು ಉಡಾವಣೆಯಾದ ಆ ನೌಕೆಯ ಎರಡು ಕ್ಷ-ಕಿರಣ ಉಪಕರಣಗಳು ಸಿದ್ಧವಾದದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ.

ಭೂಕಾಂತೀಯ ಬಿರುಗಾಳಿ ಇದಕ್ಕಿಂತ ಭಿನ್ನ. ಸೂರ್ಯನಿಂದ ಸಿಡಿದ ಪ್ಲಾಸ್ಮಾ ಒಂದರಿಂದ ಮೂರು ದಿನ ಪ್ರಯಾಣಿಸಿ ಬರುತ್ತದೆ. ಅದು ಡಿ ಪದರಕ್ಕಿಂತ ಎಫ್ ಪದರವನ್ನೇ ಕೆಡಿಸುತ್ತದೆ, ಹಗಲು ರಾತ್ರಿಯ ಭೇದವಿಲ್ಲದೆ ಒಂದೆರಡು ದಿನ ಉಳಿಯುತ್ತದೆ. ಲಡಾಖಿನ ಹಾನ್ಲೆಯಲ್ಲಿ ಕೆಂಪು ಧ್ರುವಪ್ರಭೆ ಕಾಣಿಸಿದ 2024ರ ಮೇ 10–11ರ ಬಿರುಗಾಳಿ ಈ ಬಗೆಯದು. ನಿಮ್ಮ ಕೇಂದ್ರಗಳು ಒಂದು ಗಂಟೆಯಲ್ಲಿ ಮರಳಿದ್ದರಿಂದ ಅದನ್ನು ಇಲ್ಲಿ ಬಿಟ್ಟುಬಿಡಬಹುದು.

ಪ್ರಶ್ನೆ: ಅಯಾನುಗೋಳ ಅಲೆಗಳನ್ನು ಹಿಂದಿರುಗಿಸುವುದಾದರೆ ಉಪಗ್ರಹದ ಸಂಕೇತ ನಮ್ಮನ್ನು ತಲುಪುವುದು ಹೇಗೆ? — ವಿದ್ಯಾರ್ಥಿನಿ, ತುಮಕೂರು

ಉತ್ತರ: ಗರಿಷ್ಠ ಕಂಪನಾಂಕಕ್ಕಿಂತ ಬಹಳ ಮೇಲಿರುವ ಅಲೆಗೆ ಅಯಾನುಗೋಳ ಹೆಚ್ಚುಕಡಿಮೆ ಪಾರದರ್ಶಕ. ನಿಮ್ಮ ಊರಿಗೆ ದೂರವಲ್ಲದ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಗಮನಿಸಲು ಸಾಧ್ಯವಾದದ್ದು ಆದ್ದರಿಂದಲೇ. ಇಸ್ರೊ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್ 435 ಮೆಗಾಹರ್ಟ್ಸ್‌ನಲ್ಲಿ ಕೇಳಿ 145ರಲ್ಲಿ ಮರುಪ್ರೇಷಿಸುತ್ತಿತ್ತು. ಕೈಯಲ್ಲಿ ಹಿಡಿದ ಆಂಟೆನಾ, ಕೆಲವೇ ವಾಟ್ ಶಕ್ತಿಯಿಂದ ಅದರ ಮೂಲಕ ಮಾತನಾಡಬಹುದಾಗಿತ್ತು.

ಪ್ರಶ್ನೆ: ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ರೂಪಿಸಿದ ಬಿಟ್‌ಎಕ್ಸ್ ಮಾದರಿಯ ರೇಡಿಯೊ ಬಳಸುತ್ತೇನೆ. ದೂರದವರು ನನಗೆ ಸ್ಪಷ್ಟವಾಗಿ ಕೇಳಿಸುತ್ತಾರೆ, ಅವರಿಗೆ ನಾನು ಕೇಳಿಸುವುದಿಲ್ಲ. ಕೇಳಿಸಿದರೂ ಅರ್ಧ ನಿಮಿಷದಲ್ಲಿ ಮುಳುಗುತ್ತೇನಂತೆ. ಹೋಗುವ ದಾರಿ, ಬರುವ ದಾರಿ ಬೇರೆಯೇ? — ಓದುಗರು, ಹಾಸನ

ಉತ್ತರ: ದಾರಿ ಬಹುಮಟ್ಟಿಗೆ ಒಂದೇ, ನಷ್ಟವೂ ಒಂದೇ. ವ್ಯತ್ಯಾಸವಿರುವುದು ಎರಡು ತುದಿಗಳಲ್ಲಿ. ಅವರು 100 ವಾಟ್ ಬಳಸುತ್ತಿದ್ದರೆ ನಿಮಗಿಂತ 13 ಡೆಸಿಬೆಲ್ ಮೇಲಿರುತ್ತಾರೆ. ನೀವು ತೋಟದ ಮನೆಯಲ್ಲಿದ್ದು ಅವರು ಎಲ್‌ಇಡಿ ದೀಪ, ಯುಪಿಎಸ್, ಮೊಬೈಲ್ ಚಾರ್ಜರುಗಳು ತುಂಬಿದ ನಗರದಲ್ಲಿದ್ದರೆ ಅವರ ಕಡೆಯ ಗದ್ದಲದಿಂದ ಇನ್ನೂ ಹತ್ತು ಡೆಸಿಬೆಲ್ ಸುಲಭವಾಗಿ ಕಳೆದುಹೋಗುತ್ತದೆ. ಅಯಾನುಗೋಳವೂ ಗದ್ದಲವನ್ನು ಹೊತ್ತು ತರುತ್ತದೆ ಎಂಬುದನ್ನು ಮರೆಯಬಾರದು. ರಾತ್ರಿ ಡಿ ಪದರ ಕರಗಿದ ಮೇಲೆ ಸಾವಿರಾರು ಕಿ.ಮೀ. ದೂರದ ಗುಡುಗು ಮಳೆಯ ಚಟಪಟ ಸದ್ದು ಕೂಡ 7 ಮೆಗಾಹರ್ಟ್ಸ್‌ನಲ್ಲಿ ಬಂದಿಳಿಯುತ್ತದೆ.

ಮುಳುಗಿ ಏಳುವುದಕ್ಕೆ ಕಾರಣ ಅಯಾನುಗೋಳದಲ್ಲಿಯೇ ಇದೆ. ಭೂಮಿಯ ಕಾಂತಕ್ಷೇತ್ರದ ಪ್ರಭಾವದಿಂದ ಅಲೆ ಅಲ್ಲಿ ಎರಡಾಗಿ ಒಡೆದು, ಎರಡು ಭಾಗಗಳೂ ತುಸು ಬೇರೆ ವೇಗದಲ್ಲಿ ಸಾಗಿ ಮತ್ತೆ ಒಂದಾಗುವಾಗ ಕೆಲವೊಮ್ಮೆ ಕೂಡುತ್ತವೆ, ಕೆಲವೊಮ್ಮೆ ಕಳೆಯುತ್ತವೆ. ಒಂದು ನೆಗೆತದ ಅಲೆಯೂ ಎರಡು ನೆಗೆತದ ಅಲೆಯೂ ಒಟ್ಟಿಗೆ ಬಂದಾಗಲೂ ಹೀಗೆಯೇ ಆಗುತ್ತದೆ. 100 ವಾಟಿನವರಿಗೆ ಈ ಇಳಿತ ಮೀಟರಿನ ಮುಳ್ಳು ಅಲುಗುವುದಕ್ಕೆ ಸೀಮಿತ. ನಿಮಗಾದರೆ ಗದ್ದಲದ ಕೆಳಗೆ ಮುಳುಗುವುದೇ ಆಗುತ್ತದೆ. ಆದ್ದರಿಂದ ನಿಮ್ಮ ಕರೆಸಂಕೇತವನ್ನೂ ಸಂಕೇತದ ವರದಿಯನ್ನೂ ಒಮ್ಮೆಗೇ ಕಳುಹಿಸಿ ಮುಗಿಸದೆ, ಅರ್ಧ ನಿಮಿಷದ ಅಂತರ ಬರುವಂತೆ ಎರಡು ಬಾರಿ ಕಳುಹಿಸಿರಿ. ಮೊದಲನೆಯದು ಇಳಿತದಲ್ಲಿ ಸಿಕ್ಕಿದರೂ ಎರಡನೆಯದು ಏರಿನಲ್ಲಿ ಅವರಿಗೆ ಸಿಗುವ ಸಂಭವ ಹೆಚ್ಚು.